ನೀಲಿ ಪರದೆ ಎಳೆದವರು ಯಾರು?

ಮುತ್ತತ್ತಿಯಲ್ಲಿ ಕಾವೇರಿ ಇದ್ದಾಳೆ, ಕಾಡಿದೆ, ಮುತ್ತತ್ತಿರಾಯನ ಗುಡಿಯಿದೆ. ಪಹಣಿಗೆ, ಜಾತಿ-ಆದಾಯದ ಸರ್ಟಿಫಿಕೇಟಿಗೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಆ ಕಡೆಯ ಜನ ಕಾಡಿನ ರಸ್ತೆ ಹಿಡಿದು ಹಲಗೂರಿಗೋ, ಇನ್ನೂ ಮುಂದಕ್ಕೆ ಮಳವಳ್ಳಿಗೋ ಬರುತ್ತಾರೆ. ಇಂಥ ಊರುಗಳ ಜೆರಾಕ್ಸ್ ಅಂಗಡಿಯಲ್ಲಿ ಸರದಿ ಕಾಯ್ದವರಿಗೆಲ್ಲ ಗೊತ್ತಿರುವ ದೃಶ್ಯವೊಂದಿದೆ. ಅರ್ಜಿ ಅರ್ಧ ತುಂಬಿದೆ, ಕಂಪ್ಯೂಟರ್ ಅಲುಗಾಡುತ್ತಿಲ್ಲ. ಅಂಗಡಿಯ ಹುಡುಗ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಅದುಮಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತಾನೆ. ಉದ್ದನೆಯ ಪಟ್ಟಿ ಬರುತ್ತದೆ. ಗುರುತಿರುವ ಹೆಸರು ನಾಲ್ಕೋ ಐದೋ, ಮಿಕ್ಕವೆಲ್ಲ ಸ್ವರವೇ ಇಲ್ಲದ ಅಕ್ಷರಗಳ ಗಂಟು.

ಬ್ರೌಸರಿನ ಮೇಲೆ ‘ಎಂಡ್ ಟಾಸ್ಕ್’ ಒತ್ತಿದರೆ ಬ್ರೌಸರ್ ಹೋಯಿತು, ಅಷ್ಟೇ. ಎಕ್ಸ್‌ಪ್ಲೋರರ್ ಎನ್ನುವುದರ ಮೇಲೆ ಒತ್ತಿದರೆ ಐಕಾನುಗಳೂ ಕೆಳಗಿನ ಪಟ್ಟಿಯೂ ಮಾಯ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಯಂತ್ರ ಬದುಕೇ ಇದೆ. ಎಕ್ಸ್‌ಪ್ಲೋರರನ್ನು ಮತ್ತೆ ಓಡಿಸಿದರೆ ಎಲ್ಲ ವಾಪಸ್. ಧೈರ್ಯ ಬಂದ ಹುಡುಗ ‘ಇದ್ಯಾವುದೋ ಬೇಡದ್ದು’ ಎಂದು ಇನ್ನೊಂದನ್ನು ಮುಗಿಸುತ್ತಾನೆ. ಮಧ್ಯೆ ಬಂದ ಎಚ್ಚರಿಕೆಯನ್ನು ಓದದೆ ಟಿಕ್ ಹಾಕುತ್ತಾನೆ. ಪರದೆ ನೀಲಿಯಾಗುತ್ತದೆ.

ಹಾಗೆ ಹೋದದ್ದು ಕೆಲವೇ ಎಂಬಿ ಮೆಮೊರಿ ಹಿಡಿದಿದ್ದ ಪುಟ್ಟ ಪ್ರೋಗ್ರಾಂ. ಬ್ರೌಸರ್ ಅದರ ನೂರು ಪಟ್ಟು ದೊಡ್ಡದು. ದೊಡ್ಡದನ್ನು ಕೊಂದಾಗ ಏನೂ ಆಗಲಿಲ್ಲ, ಚಿಕ್ಕದನ್ನು ಕೊಂದಾಗ ಇಡೀ ಕಂಪ್ಯೂಟರ್ ಹೋಯಿತು. ಹಾಗಿದ್ದರೆ ಆ ಚಿಕ್ಕದನ್ನೇ ಇನ್ನೊಮ್ಮೆ ಓಡಿಸಬಹುದಿತ್ತಲ್ಲ? ಎಕ್ಸ್‌ಪ್ಲೋರರಿಗೆ ಆಗುವುದು ಇದಕ್ಕೇಕೆ ಆಗದು?

ಪಟ್ಟಿಯಲ್ಲಿ ಯಾರ್ಯಾರು

ಹಾರ್ಡ್ ಡಿಸ್ಕಿನಲ್ಲಿ ಮಲಗಿರುವ ಪ್ರೋಗ್ರಾಂ ಬರೀ ಬರಹ. ಅದನ್ನು ಮೆಮೊರಿಗೆ ತಂದು ಓಡಿಸಿದಾಗ ಅದೊಂದು ಚಾಲ್ತಿ ಕೆಲಸವಾಗುತ್ತದೆ. ಕಂಪ್ಯೂಟರಿನವರು ಪ್ರೋಸೆಸ್ ಎನ್ನುವುದು ಇದಕ್ಕೇ. ಪ್ರತಿ ಚಾಲ್ತಿ ಕೆಲಸಕ್ಕೂ ಮೆಮೊರಿಯಲ್ಲಿ ತನ್ನದೇ ಪಾಲಿದೆ. ಒಂದರ ಪಾಲಿಗೆ ಇನ್ನೊಂದು ಕೈಹಾಕದಂತೆ ಪ್ರೊಸೆಸರ್ ಚಿಪ್ಪೇ ತಡೆಯುತ್ತದೆ. ಹಾಗಾಗಿ ಬ್ರೌಸರ್ ಸತ್ತರೂ ಪಕ್ಕದಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಪತ್ರಕ್ಕೆ ಏನೂ ಆಗುವುದಿಲ್ಲ. ವಿಂಡೋಸ್ 98ರ ಕಾಲದವರಿಗೆ ಇದು ಸುಖದ ಮಾತು. ಆಗ ಈ ಗೋಡೆಗಳು ತೆಳ್ಳಗಿದ್ದವು, ಯಾವುದೋ ಒಂದು ಪ್ರೋಗ್ರಾಂ ಕೆಟ್ಟರೆ ಎಲ್ಲವೂ ಕೆಡುತ್ತಿದ್ದವು. ಕಚೇರಿಗಳಿಗೆಂದು 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಗಟ್ಟಿ ಗೋಡೆಗಳು ಮನೆಮನೆಯ ಕಂಪ್ಯೂಟರಿಗೆ ಸಿಕ್ಕಿದ್ದು 2001ರಲ್ಲಿ, ಎಕ್ಸ್‌ಪಿ ಬಂದ ಮೇಲೆ.

ಈ ಎಲ್ಲ ಚಾಲ್ತಿ ಕೆಲಸಗಳ ಕೆಳಗೆ, ಪಟ್ಟಿಯಲ್ಲಿ ಸರಿಯಾಗಿ ಕಾಣದೆ, ಆಪರೇಟಿಂಗ್ ಸಿಸ್ಟಂನ ತಿರುಳು ಇರುತ್ತದೆ. ಕರ್ನೆಲ್ ಎಂದರೆ ಅದೇ. ಮೆಮೊರಿ ಹಂಚುವುದು, ಪ್ರೊಸೆಸರಿನ ಸಮಯವನ್ನು ಸರದಿಯಂತೆ ಕೊಡುವುದು, ಡಿಸ್ಕಿಗೆ ಬರೆಯುವುದು ಎಲ್ಲಕ್ಕೂ ಅಧಿಕಾರ ಅದರದ್ದು. ಆದರೆ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಕೆಲವು ಜವಾಬ್ದಾರಿಗಳನ್ನು ಹೊರಗಿನ ಕೆಲವು ಚಾಲ್ತಿ ಕೆಲಸಗಳಿಗೆ ವಹಿಸಿರುತ್ತದೆ. ವಿಂಡೋಸಿನಲ್ಲಿ ಎಸ್‌ಎಂಎಸ್‌ಎಸ್ ಎಂಬುದು ಪ್ರತಿ ಬಳಕೆದಾರನ ಅಧಿವೇಶನಕ್ಕೆ ನೆಲೆ ಹಾಕುತ್ತದೆ. ಸಿಎಸ್‌ಆರ್‌ಎಸ್‌ಎಸ್ ಎಂಬುದು ಯಾವ ಕೆಲಸ ಹುಟ್ಟಿತು, ಯಾವುದು ಮುಗಿಯಿತು ಎಂಬ ಲೆಕ್ಕದ ಒಂದು ಭಾಗವನ್ನು ಇಟ್ಟುಕೊಳ್ಳುತ್ತದೆ. 1996ರ ಎನ್‌ಟಿ 4 ಬರುವ ತನಕ ಪರದೆಯ ಮೇಲೆ ಕಿಟಕಿ ಬಿಡಿಸುವುದೂ ಇದರದೇ ಕೆಲಸವಾಗಿತ್ತು. ವಿನ್‌ಇನಿಟ್ ಎನ್ನುವುದು ಉಳಿದ ಸೇವೆಗಳನ್ನೆಲ್ಲ ಎಬ್ಬಿಸುತ್ತದೆ. ಎಲ್‌ಸಾಸ್ ಎನ್ನುವುದು ಪಾಸ್‌ವರ್ಡ್ ನೋಡಿ, ಇವರು ಇಂಥವರು, ಇವರಿಗೆ ಇಷ್ಟು ಅಧಿಕಾರ ಎಂದು ಗುರುತುಚೀಟಿ ಕೊಡುತ್ತದೆ.

ಅಂಗಡಿಯ ಹುಡುಗನನ್ನು ಹೆಚ್ಚು ದಾರಿ ತಪ್ಪಿಸುವುದು ಎಸ್‌ವಿಸಿಹೋಸ್ಟ್. ಈ ಒಂದೇ ಹೆಸರು ಪಟ್ಟಿಯಲ್ಲಿ ಹತ್ತಾರು ಸಲ ಇರುತ್ತದೆ. 2017ರ ವಿಂಡೋಸ್ 10 ಪರಿಷ್ಕರಣೆಯ ನಂತರ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಂತೂ ಇನ್ನೂ ಹೆಚ್ಚು. ‘ಇಷ್ಟೊಂದು ಯಾಕೆ, ವೈರಸ್ಸೇ ಇರಬೇಕು’ ಎಂದು ಅನುಮಾನಿಸುವುದು ಸಹಜ. ನಿಜದಲ್ಲಿ ಒಂದೊಂದರ ಒಳಗೂ ಬೇರೆ ಬೇರೆ ಸೇವೆ ಇದೆ. ಒಂದನ್ನು ಕೊಂದರೆ ಸ್ಪೀಕರಿನ ಸದ್ದು ನಿಲ್ಲುತ್ತದೆ. ಅದೇ ಹೆಸರಿನ ಇನ್ನೊಂದನ್ನು ಕೊಂದರೆ ಕಂಪ್ಯೂಟರೇ ನಿಲ್ಲುತ್ತದೆ. ಹೆಸರು ನೋಡಿ ಹೇಳಲು ಬರುವುದಿಲ್ಲ.

ಕೆರೆ, ತೂಬು, ನೀರುಗಂಟಿ

ಚಿಕ್ಕದೊಂದು ಹೋದರೆ ಎಲ್ಲವೂ ಏಕೆ ನಿಲ್ಲುತ್ತದೆ ಎಂಬುದನ್ನು ಮಂಡ್ಯದ ಸೀಮೆಯವರಿಗೆ ತಿಳಿಸುವುದು ಸುಲಭ. ಕೆರೆ ಬಯಲಿನ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ, ಕೆಲವು ಕಡೆ ಈಗಲೂ ಇದ್ದಾನೆ. ತೂಬಿನಿಂದ ಬಿಟ್ಟ ನೀರು ಯಾರ ಗದ್ದೆಗೆ ಎಷ್ಟು ಹೊತ್ತು, ಯಾರ ಸರದಿ ಆಯಿತು, ಯಾರದು ಬಾಕಿ ಎಂದು ನೋಡುವವನು ಅವನು. ಸುಗ್ಗಿಯಲ್ಲಿ ಅವನಿಗೆ ಇಷ್ಟು ಕಾಳು ಎಂದು ಎಲ್ಲರೂ ಕೊಡುತ್ತಿದ್ದರು. ಅವನಿಗೆ ದೊಡ್ಡ ಹಿಡುವಳಿಯೇನೂ ಇರಲಿಲ್ಲ.

ಹತ್ತು ಎಕರೆ ಗದ್ದೆಯ ಗೌಡರು ಒಂದು ವರ್ಷ ನಾಟಿ ಮಾಡದೆ ಊರು ಬಿಟ್ಟರೆ ಅವರ ಗದ್ದೆ ಪಾಳು ಬೀಳುತ್ತದೆ, ಬಯಲು ನಡೆಯುತ್ತದೆ. ನೀರುಗಂಟಿ ನಡುರಾತ್ರಿ, ತೂಬು ತೆರೆದಿರುವಾಗಲೇ, ಹೇಳದೆ ಕೇಳದೆ ಹೋದರೆ? ಕೆರೆಯಲ್ಲಿ ನೀರಿದೆ, ಕಾಲುವೆ ಇದೆ, ರೈತರಿದ್ದಾರೆ. ಬೆಳಗಾಗುವುದರೊಳಗೆ ಒಬ್ಬನ ಗದ್ದೆ ಕೊಚ್ಚಿಹೋಗಿರುತ್ತದೆ, ಕಾಲುವೆಯ ಕೊನೆಯವನಿಗೆ ಹನಿ ತಲುಪಿರುವುದಿಲ್ಲ. ತಕ್ಷಣ ಇನ್ನೊಬ್ಬನನ್ನು ನೇಮಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸರದಿಯ ಲೆಕ್ಕ ಇದ್ದದ್ದು ಹೋದವನ ತಲೆಯಲ್ಲಿ. ಹೊಸಬ ಯಾರನ್ನು ಕೇಳಬೇಕು? ಪ್ರತಿಯೊಬ್ಬರೂ ‘ನನ್ನ ಸರದಿ ಇನ್ನೂ ಬಂದಿಲ್ಲ’ ಎನ್ನುತ್ತಾರೆ. ತಿಳಿದ ಪಟೇಲ ಮಾಡುವುದು ಒಂದೇ ಕೆಲಸ: ಮೊದಲು ತೂಬು ಮುಚ್ಚಿಸುತ್ತಾನೆ. ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ಸರದಿಯನ್ನು ಮೊದಲಿನಿಂದ ಶುರುಮಾಡಿಸುತ್ತಾನೆ.

ಆ ಚಿಕ್ಕದನ್ನು ಇನ್ನೊಮ್ಮೆ ಏಕೆ ಓಡಿಸಲಾಗದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಕ್ಸ್‌ಪ್ಲೋರರ್ ಸತ್ತರೆ ಮತ್ತೆ ಹುಟ್ಟಬಹುದು, ಏಕೆಂದರೆ ಅದು ತೋರಿಸುತ್ತಿದ್ದ ಐಕಾನು, ಫೋಲ್ಡರುಗಳ ವಿವರ ಡಿಸ್ಕಿನಲ್ಲಿದೆ, ಓದಿಕೊಂಡರಾಯಿತು. ಸಿಎಸ್‌ಆರ್‌ಎಸ್‌ಎಸ್ ಇಟ್ಟುಕೊಂಡಿದ್ದ ಲೆಕ್ಕ ಅದರ ಮೆಮೊರಿಯಲ್ಲಿ ಮಾತ್ರ ಇತ್ತು, ಅದರ ಜತೆಗೇ ಹೋಯಿತು. ಹೊಸದೊಂದನ್ನು ಎಬ್ಬಿಸಿದರೆ ಅದಕ್ಕೆ ಆಗಲೇ ಓಡುತ್ತಿರುವ ನೂರು ಕೆಲಸಗಳ ಪರಿಚಯವೇ ಇರುವುದಿಲ್ಲ.

ಒಂದು ಗುರುತು

ಹಾಗಾದರೆ ಬಿದ್ದ ಪ್ರೋಗ್ರಾಂ ಅಂಥದ್ದು ಎಂದು ತಿರುಳಿಗೆ ತಿಳಿಯುವುದು ಹೇಗೆ? ಪ್ರತಿ ಚಾಲ್ತಿ ಕೆಲಸಕ್ಕೂ ತಿರುಳು ಒಂದು ದಾಖಲೆ ಇಟ್ಟಿರುತ್ತದೆ. ಅದರಲ್ಲಿ ಹೌದು-ಅಲ್ಲ ಎಂಬಷ್ಟೇ ಹೇಳುವ ಒಂದು ಗುರುತಿದೆ: ಇದಿಲ್ಲದೆ ನಡೆಯದು, ಅಥವಾ ಇದಿಲ್ಲದೆಯೂ ನಡೆದೀತು. ಯಾವುದೇ ಕೆಲಸ ಮುಗಿಯುವಾಗ, ತಾನಾಗಿ ಮುಗಿಯಲಿ ಇನ್ನೊಬ್ಬರು ಮುಗಿಸಲಿ, ತಿರುಳು ಆ ಗುರುತನ್ನು ನೋಡುತ್ತದೆ. ‘ಅಲ್ಲ’ ಎಂದಿದ್ದರೆ ಅದರ ಮೆಮೊರಿ ವಾಪಸ್ ಪಡೆದು ಮುಂದಿನ ಕೆಲಸಕ್ಕೆ ಹೋಗುತ್ತದೆ. ‘ಹೌದು’ ಎಂದಿದ್ದರೆ ಅಲ್ಲಿಂದಾಚೆಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸಿ ನೀಲಿ ಪರದೆ ಎಳೆಯುತ್ತದೆ. ‘ಕ್ರಿಟಿಕಲ್ ಪ್ರೋಸೆಸ್ ಡೈಡ್’ ಎಂದು ಕಾರಣವನ್ನೂ ಬರೆಯುತ್ತದೆ.

ಅಂದರೆ ಕಂಪ್ಯೂಟರ್ ಬಿದ್ದಿದ್ದಲ್ಲ. ಬೇಕೆಂದೇ ತನ್ನನ್ನು ತಾನು ನಿಲ್ಲಿಸಿಕೊಂಡದ್ದು. ಆ ಕ್ಷಣದಲ್ಲಿ ತಿರುಳು ಚೆನ್ನಾಗಿಯೇ ಇತ್ತು, ಇನ್ನೂ ಸ್ವಲ್ಪ ಹೊತ್ತು ಓಡಬಲ್ಲದಾಗಿತ್ತು. ಓಡಿದ್ದರೆ ಏನಾಗುತ್ತಿತ್ತು ಎಂಬುದೇ ಭಯ. ಯಾರಿಗೆ ಎಷ್ಟು ಅಧಿಕಾರ ಎಂದು ಹೇಳುವವರಿಲ್ಲ, ಡಿಸ್ಕಿಗೆ ಹೋಗುತ್ತಿರುವ ಮಾಹಿತಿ ಸರಿಯೋ ತಪ್ಪೋ ಗೊತ್ತಿಲ್ಲ. ಒಂದು ತಪ್ಪು ಅಂಕಿ ಡಿಸ್ಕಿನಲ್ಲಿ ಕೂತರೆ ರೀಸ್ಟಾರ್ಟ್ ಮಾಡಿದ ಮೇಲೂ ಅದು ಅಲ್ಲೇ ಇರುತ್ತದೆ. ಮೆಮೊರಿಯಲ್ಲಿ ಕೆಟ್ಟದ್ದಾದರೆ ಕರೆಂಟಿನ ಜತೆಗೆ ಹೋಗುತ್ತದೆ. ಅರ್ಧ ತುಂಬಿದ ಅರ್ಜಿ ಹೋಗುವುದು ನಷ್ಟವೇ. ಹಿಂದಿನ ವರ್ಷದ ಎಲ್ಲ ಅರ್ಜಿಗಳೂ ಒಳಗೊಳಗೇ ಕೆಡುವುದಕ್ಕಿಂತ ಅದು ಚಿಕ್ಕ ನಷ್ಟ.

ನಿಲ್ಲುವ ಮುನ್ನ ತಿರುಳು ಇನ್ನೊಂದು ಕೆಲಸ ಮಾಡುತ್ತದೆ, ನನಗೆ ಇದೇ ಹೆಚ್ಚು ಮೆಚ್ಚುಗೆ. ಆ ಕ್ಷಣದ ಮೆಮೊರಿಯ ಚಿತ್ರವನ್ನು ಡಿಸ್ಕಿಗೆ ಇಳಿಸುತ್ತದೆ. ಆದರೆ ಡಿಸ್ಕಿಗೆ ಬರೆಯುವ ಎಂದಿನ ದಾರಿಯನ್ನು ಬಳಸುವುದಿಲ್ಲ, ಕೆಟ್ಟಿದ್ದು ಆ ದಾರಿಯೇ ಆಗಿದ್ದರೆ? ಇದಕ್ಕೆಂದೇ ಡಿಸ್ಕಿನಲ್ಲಿ ಎಲ್ಲಿ ಬರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಬರೆಯುವ ಸಾಧನವನ್ನೂ ಬೇರೆಯಾಗಿ ತೆಗೆದಿಟ್ಟಿರುತ್ತದೆ. ಪರದೆಯ ಮೇಲೆ ಸೊನ್ನೆಯಿಂದ ನೂರಕ್ಕೆ ಏರುವ ಶೇಕಡಾವಾರು ಅಂಕಿ ನಿಮ್ಮನ್ನು ಸತಾಯಿಸಲು ಇರುವುದಲ್ಲ, ಅದು ಈ ಪಂಚನಾಮೆ. ಅವಸರಕ್ಕೆ ಸ್ವಿಚ್ಚು ಆರಿಸಿದರೆ ಕಾರಣ ಹುಡುಕುವ ದಾರಿಯೂ ಮುಚ್ಚುತ್ತದೆ.

ಅರ್ಧ ಕೆಟ್ಟು ಓಡುವುದಕ್ಕಿಂತ ಪೂರ್ತಿ ನಿಲ್ಲುವುದೇ ಮೇಲು ಎಂಬುದು ಮೈಕ್ರೋಸಾಫ್ಟಿನವರ ಸ್ವಂತ ಆಲೋಚನೆಯೇನಲ್ಲ. ಬ್ಯಾಂಕುಗಳಿಗೆ ನಿಲ್ಲದ ಕಂಪ್ಯೂಟರ್ ಮಾಡಿಕೊಡುತ್ತಿದ್ದ ಟ್ಯಾಂಡೆಂ ಕಂಪನಿಯ ಜಿಮ್ ಗ್ರೇ, ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ ಎಂಬ ಪ್ರಬಂಧವನ್ನು 1985ರಲ್ಲೇ ಬರೆದರು. ನಿಲ್ಲದ ವ್ಯವಸ್ಥೆ ಕಟ್ಟಬೇಕಾದರೆ ಅದರ ಬಿಡಿಭಾಗಗಳು ತಪ್ಪು ಕಂಡೊಡನೆ ನಿಲ್ಲುವಂತಿರಬೇಕು, ಆಗಲೇ ಪಕ್ಕದ ಯಂತ್ರ ಕೆಲಸವನ್ನು ಕೈಗೆತ್ತಿಕೊಳ್ಳಲು ಸಾಧ್ಯ ಎಂಬುದು ಅವರ ವಾದದ ಸಾರ. ಜೆರಾಕ್ಸ್ ಅಂಗಡಿಯಲ್ಲಿ ಪಕ್ಕದ ಯಂತ್ರ ಇರುವುದಿಲ್ಲ. ಅದಕ್ಕೇ ಅಲ್ಲಿ ಈ ನಿಯಮ ಕ್ರೂರವಾಗಿ ಕಾಣುತ್ತದೆ.

ಅರವತ್ತು ಸೆಕೆಂಡಿನ ಗಡುವು

2003-04ರಲ್ಲಿ ಸೈಬರ್ ಕೆಫೆ ನಡೆಸಿದವರಿಗೆ ಒಂದು ಪುಟ್ಟ ಪೆಟ್ಟಿಗೆ ನೆನಪಿರಬಹುದು. ಇದ್ದಕ್ಕಿದ್ದಂತೆ ಪರದೆಯ ನಡುವೆ ಬಂದು, 60, 59, 58 ಎಂದು ಇಳಿಯುತ್ತ ಹೋಗಿ, ಸೊನ್ನೆಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಮತ್ತೆ ಇಂಟರ್ನೆಟ್ ಹಾಕಿದರೆ ಮತ್ತೆ ಅದೇ. ಬಲ್ಲವರು ಅವಸರದಲ್ಲಿ ‘ಶಟ್‌ಡೌನ್ ಮೈನಸ್ ಎ’ ಎಂದು ಟೈಪ್ ಮಾಡಿ ಗಡಿಯಾರ ನಿಲ್ಲಿಸುತ್ತಿದ್ದರು.

2003ರ ಆಗಸ್ಟ್ 11ರಂದು ಹರಡತೊಡಗಿದ ಬ್ಲಾಸ್ಟರ್ ಎಂಬ ಹುಳು, ವಿಂಡೋಸಿನ ಸೇವೆಗಳು ಒಂದರೊಡನೊಂದು ಮಾತಾಡಲು ನಂಬಿರುವ ಆರ್‌ಪಿಸಿ ಎಂಬ ಸೇವೆಯ ಬಿರುಕಿನಲ್ಲಿ ನುಸುಳುತ್ತಿತ್ತು. ಎದುರಿನ ಯಂತ್ರದಲ್ಲಿರುವುದು ಎಕ್ಸ್‌ಪಿಯೋ ವಿಂಡೋಸ್ 2000ವೋ ಎಂದು ಅದು ಊಹಿಸಬೇಕಿತ್ತು. ಊಹೆ ತಪ್ಪಿದರೆ ಆ ಸೇವೆಯೇ ಸಾಯುತ್ತಿತ್ತು, ಯಂತ್ರ ಗಡುವು ಕೊಟ್ಟು ರೀಸ್ಟಾರ್ಟ್ ಆಗುತ್ತಿತ್ತು. ಕದ್ದು ಒಳಗಿರಬೇಕಾದ ಕಳ್ಳ ಮನೆಯವರನ್ನೆಲ್ಲ ಎಬ್ಬಿಸಿದಂತಾಗುತ್ತಿತ್ತು. ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ಕ್ಕೇ ಕೊಟ್ಟಿತ್ತು, ಹಾಕಿಕೊಂಡವರು ಕಡಿಮೆ.

2004ರ ಏಪ್ರಿಲ್ 30ಕ್ಕೆ ಬಂದ ಸ್ಯಾಸರ್ ಎಂಬ ಇನ್ನೊಂದು ಹುಳು ಕೊಂದದ್ದು ಗುರುತುಚೀಟಿ ಕೊಡುವ ಎಲ್‌ಸಾಸನ್ನು. ಈ ಹುಳುವನ್ನು ಬರೆದವನು ಜರ್ಮನಿಯ ಹದಿಹರೆಯದ ವಿದ್ಯಾರ್ಥಿ. ಅಮೆರಿಕದ ಡೆಲ್ಟಾ ವಿಮಾನಗಳಿಗೆ ಅಡಚಣೆಯಾಯಿತು, ಬ್ರಿಟನ್ನಿನ ಕರಾವಳಿ ಕಾವಲು ಪಡೆ ಕಾಗದದ ನಕ್ಷೆ ಹರಡಿಕೊಂಡು ಕೂತಿತು. ಇಲ್ಲಿ ಗಮನಿಸಬೇಕಾದದ್ದು, ನೀಲಿ ಪರದೆ ಬಾರದೆ ಒಂದು ನಿಮಿಷ ಸಿಕ್ಕಿದ್ದು. ಎಲ್‌ಸಾಸ್ ಇಲ್ಲದೆ ಹೊಸ ಗುರುತುಚೀಟಿ ಸಿಗದು, ಆದರೆ ಕೊಟ್ಟಿರುವ ಚೀಟಿಗಳು ಕೈಯಲ್ಲಿವೆ. ಆದ್ದರಿಂದ ಫೈಲು ಉಳಿಸಿಕೊಳ್ಳುವಷ್ಟು ಪುರುಸೊತ್ತು. ಇಂದಿನ ವಿಂಡೋಸಿನಲ್ಲೂ ಎಲ್‌ಸಾಸ್ ಸತ್ತರೆ ಒಂದು ನಿಮಿಷದ ಗಡುವೇ ಬರುತ್ತದೆ.

ಎಕ್ಸ್‌ಪಿಯ ಟಾಸ್ಕ್ ಮ್ಯಾನೇಜರ್ ಇಂಥ ಪ್ರೋಸೆಸ್‌ಗಳನ್ನು ಕೊಲ್ಲಲು ಬಿಡುತ್ತಲೇ ಇರಲಿಲ್ಲ. ಒಳ್ಳೆಯದೇ, ಆದರೆ ಅದು ನೋಡುತ್ತಿದ್ದದ್ದು ಹೆಸರನ್ನು ಮಾತ್ರ. ಹಾಗಾಗಿ ವಿನ್‌ಲಾಗಾನ್ ಎಂಬ ವಿಂಡೋಸಿನದೇ ಪ್ರೋಸೆಸ್ಸಿನ ಹೆಸರಿಟ್ಟುಕೊಂಡ ವೈರಸ್ಸಿಗೂ ಅದೇ ಮರ್ಯಾದೆ ಸಿಗುತ್ತಿತ್ತು. ಆಮೇಲಿನ ಕಳ್ಳರು ಇನ್ನೂ ಮುಂದೆ ಹೋದರು. ಯಂತ್ರದ ಯಜಮಾನಿಕೆಯ ಅನುಮತಿ ಕೈಗೆ ಸಿಕ್ಕರೆ ಆ ‘ಇದಿಲ್ಲದೆ ನಡೆಯದು’ ಗುರುತನ್ನು ತಮಗೆ ತಾವೇ ಹಾಕಿಕೊಳ್ಳಬಹುದು. ಎನ್‌ಜೆರ‍್ಯಾಟ್ ಎಂಬ ಗೂಢಚಾರಿ ತಂತ್ರಾಂಶದಲ್ಲಿ ಈ ಸೌಲಭ್ಯವೇ ಇದೆ. ಅದನ್ನು ಕೊಲ್ಲಲು ಹೋದರೆ ನೀಲಿ ಪರದೆ ಬರುತ್ತದೆ. ಕಾಪಾಡಲೆಂದು ಇಟ್ಟ ಗುರುತೇ ಒತ್ತೆಯಾಳಾಯಿತು.

ಕಾಪಾಡಲು ಬಂದವರೇ

2010ರ ಏಪ್ರಿಲ್ 21ರಂದು ಮೆಕಾಫಿ ಕಂಪನಿಯ ಆ್ಯಂಟಿವೈರಸ್ಸಿಗೆ ದಿನನಿತ್ಯದಂತೆ ಹೊಸ ವೈರಸ್ ಪಟ್ಟಿ ಹೋಯಿತು. ಅದನ್ನು ಓದಿಕೊಂಡ ಆ್ಯಂಟಿವೈರಸ್, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಇದ್ದ ಯಂತ್ರಗಳಲ್ಲಿ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಹಿಡಿಯಿತು. ಹಲಗೂರಿನ ಹುಡುಗನಿಗೆ ಬಂದ ಅನುಮಾನವೇ, ಆದರೆ ಪ್ರಪಂಚದ ತುಂಬ ಏಕಕಾಲಕ್ಕೆ. ಯಂತ್ರಗಳು ರೀಸ್ಟಾರ್ಟ್ ಆಗುತ್ತಲೇ ಇದ್ದವು. ನೆಟ್‌ವರ್ಕ್ ಕೂಡ ಹೋದ್ದರಿಂದ ದೂರದಿಂದ ರಿಪೇರಿ ಮಾಡುವಂತಿರಲಿಲ್ಲ. ಆಗ ಆ ಕಂಪನಿಯ ಮುಖ್ಯ ತಾಂತ್ರಿಕ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. ಮರುವರ್ಷ ಅವರು ಜತೆಗಾರರೊಡನೆ ಕಟ್ಟಿದ ಹೊಸ ಕಂಪನಿಯ ಹೆಸರು ಕ್ರೌಡ್‌ಸ್ಟ್ರೈಕ್.

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ತನ್ನ ಕಾವಲು ತಂತ್ರಾಂಶ ಇರುವ ಯಂತ್ರಗಳಿಗೆ ಒಂದು ಪುಟ್ಟ ಫೈಲು ಕಳಿಸಿತು. 78 ನಿಮಿಷದಲ್ಲಿ ಹಿಂದಕ್ಕೂ ಪಡೆಯಿತು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ನೀಲಿಯಾಗಿದ್ದವು. ಅದೇ ದಿನ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ವಿಮಾನ ಕಂಪನಿಗಳ ಚೆಕ್-ಇನ್ ಕೈಕೆಲಸಕ್ಕೆ ಇಳಿಯಿತು, ದೇಶದ ಹಲವೆಡೆ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕಿತು.

ಇಲ್ಲಿ ಯಾವ ಪ್ರೋಸೆಸ್ಸನ್ನೂ ಯಾರೂ ಕೊಲ್ಲಲಿಲ್ಲ. ಕ್ರೌಡ್‌ಸ್ಟ್ರೈಕಿನ ಒಂದು ಭಾಗ ತಿರುಳಿನ ಒಳಗೇ ಓಡುತ್ತದೆ. ಅದಕ್ಕೆ ಒಂದು ಕಡೆ 20 ಅಂಕಣ ಕೊಟ್ಟಿದ್ದರು, ಹೊಸ ಫೈಲಿನ ಮಾತು ಕೇಳಿ ಅದು 21ನೆಯದನ್ನು ಓದಲು ಹೋಯಿತು. ಇಲ್ಲದ ಜಾಗಕ್ಕೆ ಕೈ ಹೋಯಿತು. ಹೊರಗಿನ ಪ್ರೋಗ್ರಾಂ ಹೀಗೆ ಮಾಡಿದರೆ ಅದೊಂದೇ ಸಾಯುತ್ತದೆ. ತಿರುಳಿನೊಳಗೆ ಹೀಗಾದರೆ ಯಾರನ್ನು ನಂಬುವುದು? ಮತ್ತೆ ಅದೇ ತೀರ್ಮಾನ, ನಿಲ್ಲಿಸು. ಕಂಪ್ಯೂಟರ್ ಏಳುವಾಗಲೇ ಆ ಭಾಗವೂ ಏಳುತ್ತಿದ್ದರಿಂದ ಪ್ರತಿ ಸಲವೂ ನಿಲುಗಡೆ. ಸೇಫ್ ಮೋಡಿನಲ್ಲಿ ತೆರೆದು ಫೈಲನ್ನು ಅಳಿಸಬೇಕಾಗಿತ್ತು, ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆ ಮನುಷ್ಯರೇ ಹೋಗಿ ಕೂತು. ನಿಲ್ಲುವ ನಿಯಮ ಸರಿ. ಅಷ್ಟು ಒಳಗೆ ಅಷ್ಟು ಜನರನ್ನು ಬಿಟ್ಟುಕೊಂಡದ್ದು ತಪ್ಪು ಎಂದು ನನ್ನ ಅನಿಸಿಕೆ.

ಒಂದನೇ ನಂಬರಿನವನು

ಸರ್ಕಾರಿ ಸೇವೆ ಕೊಡುವ ಅನೇಕ ಸರ್ವರುಗಳಲ್ಲೂ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಇರುವುದು ಲಿನಕ್ಸಿನ ತಿರುಳು. ಅಲ್ಲಿ ಮೊದಲು ಹುಟ್ಟುವ ಚಾಲ್ತಿ ಕೆಲಸಕ್ಕೆ ಒಂದನೇ ನಂಬರು, ಹೆಸರು ಇನಿಟ್. ಮಿಕ್ಕವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಹೆತ್ತ ಪ್ರೋಸೆಸ್ ಸತ್ತು ಅನಾಥವಾದವನ್ನು ಸಾಮಾನ್ಯವಾಗಿ ಸಾಕುವುದೂ ಅದೇ. ಯಂತ್ರದ ಯಜಮಾನನೇ ‘ಅದನ್ನು ಕೊಲ್ಲು’ ಎಂದು ಆಜ್ಞೆ ಕೊಟ್ಟರೂ ಲಿನಕ್ಸ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೆಮೊರಿ ಸಾಲದೆ ಬಂದು ಯಾರನ್ನಾದರೂ ಬಲಿ ಕೊಡಬೇಕಾದಾಗಲೂ ಇನಿಟ್‌ಗೆ ವಿನಾಯಿತಿ. ತನ್ನದೇ ದೋಷದಿಂದ ಅದು ಸತ್ತರೆ ಮಾತ್ರ ತಿರುಳು ‘ಪ್ಯಾನಿಕ್’ ಎಂದು ಬರೆದು ನಿಂತುಬಿಡುತ್ತದೆ. ಫೋನಿನಲ್ಲಿ ನಡುವೆ ಇನ್ನೊಂದು ಮೆಟ್ಟಿಲಿದೆ. ಸಿಸ್ಟಂ ಸರ್ವರ್ ಎಂಬುದು ಸತ್ತರೆ ಫೋನ್ ಪೂರ್ತಿ ಆರದೆ, ಕಂಪನಿಯ ಚಿತ್ರ ಕುಣಿಸಿ ಮೇಲಿನ ಭಾಗವನ್ನಷ್ಟೇ ಮತ್ತೆ ಎಬ್ಬಿಸುತ್ತದೆ. ಜೇಬಿನಲ್ಲಿದ್ದ ಫೋನ್ ತಾನಾಗಿ ರೀಸ್ಟಾರ್ಟ್ ಆದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ನೀವು ಮಾಡಬೇಕಾದದ್ದು

2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರ ನೀಲಿ ಪರದೆಯನ್ನು ಕಪ್ಪಾಗಿಸಿತು. ಬಣ್ಣ ಬದಲಾಯಿತು, ನಿಯಮ ಅದೇ. ಟಾಸ್ಕ್ ಮ್ಯಾನೇಜರಿನಲ್ಲಿ ನೀವೇ ತೆರೆದ ಪ್ರೋಗ್ರಾಮುಗಳನ್ನು ಧಾರಾಳವಾಗಿ ಮುಗಿಸಿ. ನೀವು ತೆರೆಯದೆ ಬಂದವನ್ನು ಬಿಡಿ. ಉಳಿಸದ ಮಾಹಿತಿ ಹೋಗುತ್ತದೆ ಎಂದು ಟಿಕ್ ಕೇಳುವ ಪೆಟ್ಟಿಗೆ ಬಂದರೆ ಹಾಕಬೇಡಿ. ಕೈತಪ್ಪಿ ಹಾಕಿದ್ದರೂ ಗಾಬರಿ ಬೇಡ, ರೀಸ್ಟಾರ್ಟ್ ಆದ ಮೇಲೆ ಯಂತ್ರ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತದೆ. ಆದರೆ ನೀವು ಏನನ್ನೂ ಮುಟ್ಟದೆ ‘ಕ್ರಿಟಿಕಲ್ ಪ್ರೋಸೆಸ್ ಡೈಡ್’ ಎಂದು ಮತ್ತೆ ಮತ್ತೆ ಬಂದರೆ ಅದು ಬೇರೆಯೇ ಮಾತು. ಡಿಸ್ಕ್ ಸವೆದಿರಬಹುದು, ಮೆಮೊರಿ ಕೆಟ್ಟಿರಬಹುದು, ಯಾವುದೋ ಡ್ರೈವರ್ ಹೊಂದದೆ ಇರಬಹುದು. ಆಗ ರಿಪೇರಿಯವನಿಗೆ ಫೋನ್ ಮಾಡುವ ಮೊದಲು ಪೆನ್‌ಡ್ರೈವ್ ಹುಡುಕಿ, ಫೈಲುಗಳನ್ನು ನಕಲು ಮಾಡಿಕೊಳ್ಳಿ.